ಮಾಡಿದರು ಮತ್ತು ಮಾಡಿಸಿದರು

ಹಿರಿಯರೇ, ಗೆಳೆಯರೇ,

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಈಗ ಕೊಡಗಿನ ಅಮ್ಮತ್ತಿಯ ಬಳಿ ನಾಲ್ಕು ಎಕರೆ ಕಾಫಿ ನೋಡಿಕೊಂಡಿರುವವನು ಅಮೆರಿಕದ ವರ್ಣಭೇದದ ಬಗ್ಗೆ ಮಾತನಾಡಲು ನಿಂತರೆ ಅಧಿಕಪ್ರಸಂಗ ಎನಿಸಬಹುದು. ನಾನು ಇತಿಹಾಸಕಾರನಲ್ಲ, ವ್ಯಾಕರಣ ಕಲಿಸಿದವನು; ಇಂದಿನ ಮಾತೂ ಹೆಚ್ಚುಕಡಿಮೆ ವ್ಯಾಕರಣದ್ದೇ.

"ಲಿಂಕನ್ ಗುಲಾಮರನ್ನು ಬಿಡುಗಡೆ ಮಾಡಿದರು." ಕರ್ತೃ, ಕರ್ಮ, ಕ್ರಿಯಾಪದಗಳನ್ನು ಗುರುತಿಸಿ ಎಂದು ಈ ವಾಕ್ಯವನ್ನು ನಾನು ಅದೆಷ್ಟು ತರಗತಿಗಳಲ್ಲಿ ಹಲಗೆಯ ಮೇಲೆ ಬರೆದಿದ್ದೇನೋ. ಲಿಂಕನ್ ಕರ್ತೃ, ಗುಲಾಮರು ಕರ್ಮ ಎಂದವರಿಗೆಲ್ಲ ಪೂರ್ಣಾಂಕ ಸಿಗುತ್ತಿತ್ತು. ನಮ್ಮ ಶಾಲೆಯ ಗೋಡೆಯ ಮೇಲೆ, ಲಿಂಕನ್ ತಮ್ಮ ಮಗನ ಶಿಕ್ಷಕರಿಗೆ ಬರೆದರೆನ್ನಲಾದ ಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದೆವು. ಲಿಂಕನ್ ಬರಹಗಳ ಸಂಗ್ರಹಗಳಲ್ಲಿ ಆ ಪತ್ರ ಇಲ್ಲವೇ ಇಲ್ಲ ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ. ಶಿಕ್ಷಕರ ದಿನಾಚರಣೆಯಂದು ಅದನ್ನು ಗದ್ಗದಿತನಾಗಿ ಓದಿದವನೂ ನಾನೇ.

ನಿವೃತ್ತಿಯಾದ ವರ್ಷ ಕಕ್ಕಡ ತಿಂಗಳ ಮಳೆಗೆ ಎರಡು ವಾರ ಮನೆಯಿಂದ ಹೊರಬೀಳಲಾಗದೆ, ಕರೆಂಟೂ ಇಲ್ಲದೆ, ಅಮೆರಿಕದ ಅಂತರ್ಯುದ್ಧದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಆ ಓದಿನಲ್ಲಿ ಮೂರು ಹೆಸರುಗಳು ಎದುರಾದವು: ಫ್ರಾಂಕ್ ಬೇಕರ್, ಶೆಪರ್ಡ್ ಮಲ್ಲರಿ, ಜೇಮ್ಸ್ ಟೌನ್ಸೆಂಡ್. ವರ್ಜೀನಿಯಾದಲ್ಲಿ ಗುಲಾಮರಾಗಿದ್ದ ಈ ಮೂವರನ್ನು, ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಬೇರ್ಪಟ್ಟಿದ್ದ ದಕ್ಷಿಣದ ಸೈನ್ಯಕ್ಕಾಗಿ ಫಿರಂಗಿ ನೆಲೆ ಕಟ್ಟುವ ಕೆಲಸಕ್ಕೆ ಹಚ್ಚಲಾಗಿತ್ತು. 1861ರ ಮೇ ತಿಂಗಳ ಒಂದು ರಾತ್ರಿ ಅವರು ದೋಣಿಯೇರಿ, ಉತ್ತರದ ಸೈನ್ಯದ ವಶದಲ್ಲಿದ್ದ ಫೋರ್ಟ್ ಮನ್ರೋ ಕೋಟೆಯನ್ನು ಸೇರಿದರು. ಅವರನ್ನು ಒಪ್ಪಿಸಿ ಎಂದು ದಕ್ಷಿಣದ ಅಧಿಕಾರಿಯೊಬ್ಬ ಬಿಳಿ ಬಾವುಟ ಹಿಡಿದು ಬಂದಾಗ ಕೋಟೆಯಲ್ಲಿದ್ದ ಉತ್ತರದ ಸೇನಾನಿ ಜನರಲ್ ಬಟ್ಲರ್ ಒಪ್ಪಲಿಲ್ಲ. ಇವರನ್ನು ನೀವು ಆಸ್ತಿ ಎನ್ನುತ್ತೀರಿ; ಹಾಗಾದರೆ ಇವರು ಶತ್ರುವಿನ ಯುದ್ಧಸಾಮಗ್ರಿ, ನಾನು ಜಪ್ತಿ ಮಾಡಿದ್ದೇನೆ ಎಂಬುದು ಅವರ ವಾದದ ತಿರುಳಾಗಿತ್ತು. ಮನುಷ್ಯರನ್ನು ಉಳಿಸಿಕೊಳ್ಳಲು ಅವರನ್ನು ಸಾಮಗ್ರಿ ಎಂದೇ ಕರೆಯಬೇಕಾಯಿತು. ಸುದ್ದಿ ಹರಡಿದಂತೆ ಹೆಂಗಸರು, ಮಕ್ಕಳು, ಮುದುಕರು ಗುಂಪುಗುಂಪಾಗಿ ಆ ಕೋಟೆಗೆ ಬಂದರು.

ಲಿಂಕನ್ ಅವರ ಬಿಡುಗಡೆಯ ಘೋಷಣೆ ಬಂದದ್ದು 1863ರ ಜನವರಿ 1ರಂದು. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮೇರಿಲ್ಯಾಂಡ್, ಡೆಲವೇರ್, ಮಿಸೌರಿ ರಾಜ್ಯಗಳ ಗುಲಾಮರಿಗೆ ಅದು ಅನ್ವಯವಾಗಲೇ ಇಲ್ಲ. ಗುಲಾಮಗಿರಿಯನ್ನು ದೇಶದಾದ್ಯಂತ ನಿಷೇಧಿಸಿದ 1865ರ ಹದಿಮೂರನೆಯ ತಿದ್ದುಪಡಿಯೂ ಅಪರಾಧಕ್ಕೆ ಶಿಕ್ಷೆಯಾಗಿ ಹೇರುವ ದುಡಿಮೆಯನ್ನು ಹೊರಗಿಟ್ಟಿತು. ಆ ಸಂದಿಯಲ್ಲೇ ದಕ್ಷಿಣದ ರಾಜ್ಯಗಳು ಕಪ್ಪು ಕೈದಿಗಳನ್ನು ತೋಟಗಳಿಗೆ, ಗಣಿಗಳಿಗೆ ಬಾಡಿಗೆಗೆ ಕೊಟ್ಟವು. ಉತ್ತರದ ಸೈನ್ಯದಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಹೋರಾಡಿದರು. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಿಗುತ್ತಿದ್ದಾಗ ಇವರ ಸಂಬಳ 10 ಡಾಲರ್, ಅದರಲ್ಲೂ ಬಟ್ಟೆಯ ಬಾಬ್ತು 3 ಡಾಲರ್ ಮುರಿದುಕೊಳ್ಳುತ್ತಿದ್ದರು. ಇದನ್ನೆಲ್ಲ ಓದಿದ ಮೇಲೂ ಲಿಂಕನ್ ನನಗೆ ಸಣ್ಣವರಾಗಿ ಕಾಣಲಿಲ್ಲ. ಆದರೆ ನಾನು ಪೂರ್ಣಾಂಕ ಕೊಟ್ಟ ಆ ವಾಕ್ಯದಲ್ಲಿ, ದೋಣಿಯೇರಿ ಬಂದವರು ದ್ವಿತೀಯಾ ವಿಭಕ್ತಿಯಲ್ಲೇ ಕುಳಿತಿದ್ದರು.

ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅಮೆರಿಕದ ಸಜ್ಜನರಿಗೆ ಅರ್ಪಿಸಿದರು, ಕಪ್ಪು ಜನರ ಬಿಡುಗಡೆಗಾಗಿ ಅವರು ತೋರಿದ ತ್ಯಾಗವನ್ನು ಮೆಚ್ಚಿ. ನಮ್ಮಲ್ಲಿಯೂ ಅದು ಮಾದರಿಯಾಗಲಿ ಎಂಬುದು ಅವರ ಆಸೆ. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡುಬಾಯ್ಸ್ ಅವರಿಗೇ ನೇರವಾಗಿ ಪತ್ರ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕಿತ್ತು ಅವರಿಗೆ. ಆ ಎಪ್ಪತ್ತಮೂರು ವರ್ಷಗಳಲ್ಲಿ ಮಾತಿನ ವಿಳಾಸ ಸಜ್ಜನರಿಂದ ಕಪ್ಪು ಜನರಿಗೇ ಬದಲಾಗಿತ್ತು ಎಂಬುದನ್ನು ಗಮನಿಸಿ. ಜಾತಿಯೂ ವರ್ಣವೂ ಒಂದೇ ಎಂದು ನಾನು ಹೇಳುತ್ತಿಲ್ಲ; ಅವುಗಳ ಹುಟ್ಟು ಬೇರೆ, ಕಾನೂನು ಬೇರೆ.

ಇನ್ನು ನಮ್ಮ ಊರಿನ ಮಾತು. ಕೊಡಗು ಬ್ರಿಟಿಷರ ವಶವಾದದ್ದು 1834ರಲ್ಲಿ, ಯುರೋಪಿಯನ್ನರು ಇಲ್ಲಿ ಕಾಫಿ ತೋಟಗಳನ್ನು ತೆರೆಯತೊಡಗಿದ್ದು 1850ರ ದಶಕದಲ್ಲಿ. ಬುಡಕಟ್ಟು ಜನರಾದ ಯರವರು ಇಲ್ಲಿ ಭೂಮಾಲೀಕರ ಜೀತದಾಳುಗಳಾಗಿದ್ದರೆಂಬುದನ್ನು ಆ ಶತಮಾನದ ಆಡಳಿತ ದಾಖಲೆಗಳೇ ಹೇಳುತ್ತವೆ. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿತು. ಜೀತವನ್ನು ನಿಷೇಧಿಸುವ ಕಾಯ್ದೆ ಬರಲು 1976ರವರೆಗೆ ಕಾಯಬೇಕಾಯಿತು.

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ನನ್ನ ಅಜ್ಜನ ಕಾಲದ, ತೋಟದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಒಂದಿತ್ತು. ಗೆದ್ದಲು ಅಂಚನ್ನು ತಿಂದಿದೆ, ಶಾಯಿ ಕಂದಾಗಿದೆ. ಮೇಸ್ತ್ರಿಯ ಹೆಸರಿದೆ, ಲೆಕ್ಕ ಬರೆಯುವ ರೈಟರನ ಸಹಿ ಇದೆ, ಗಾಡಿ ಎತ್ತುಗಳ ಹೆಸರೂ ಇದೆ. ಅವುಗಳ ಕೆಳಗೆ "ಯರವ ಗಂಡಾಳು 6, ಹೆಣ್ಣಾಳು 9" ಎಂದಷ್ಟೇ ಬರೆದಿದೆ. ಕಾಫಿ ಕುಯ್ಲಿನ ತಿಂಗಳಿನ ಪುಟವೊಂದರಲ್ಲಿ ಗಂಡಾಳು 6 ಎಂಬುದನ್ನು ಹೊಡೆದುಹಾಕಿ 5 ಎಂದು ತಿದ್ದಿ, ಪಕ್ಕದಲ್ಲಿ "ಮುಂಗಡ ಬಾಕಿ, ಓಡಿ ಹೋದ" ಎಂದು ಬರೆದಿದ್ದಾರೆ. ಅದು ಅಜ್ಜನ ಅಕ್ಷರ. ಕೆಲಸ ಬಿಟ್ಟ ರೈಟರನ ಬಗ್ಗೆ ಅದೇ ಪುಸ್ತಕದಲ್ಲಿ, ಅದೇ ಕೈ "ಕೆಲಸ ಬಿಟ್ಟರು" ಎಂದು ಬರೆದಿದೆ. ಅಮೆರಿಕದ ಹಳೆಯ ಪತ್ರಿಕೆಗಳಲ್ಲಿ ಗುಲಾಮರನ್ನು ಹುಡುಕಿಕೊಡಲು ಯಜಮಾನರು ಹಾಕಿಸುತ್ತಿದ್ದ ಜಾಹೀರಾತುಗಳನ್ನು ಓದಿರದಿದ್ದರೆ ಈ ಎರಡು ಕ್ರಿಯಾಪದಗಳ ನಡುವಿನ ಅಂತರ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಜಾಹೀರಾತುಗಳು ಶುರುವಾಗುತ್ತಿದ್ದುದೇ "ಓಡಿ ಹೋಗಿದ್ದಾನೆ" ಎಂಬಂಥ ಮಾತಿನಿಂದ. ಓಡಿದವನ ಹೆಸರಾದರೂ ಅಲ್ಲಿ ಸಾಮಾನ್ಯವಾಗಿ ಇರುತ್ತಿತ್ತು.

ಕೊಡಗಿನಲ್ಲಿ ನಾವೆಲ್ಲ ಸಲೀಸಾಗಿ ಹೇಳುವ ಮಾತೊಂದಿದೆ: "ಅಜ್ಜ ತೋಟ ಮಾಡಿದರು." ಕಾಡು ಕಡಿದವರು, ಗುಂಡಿ ತೋಡಿದವರು, ನೆರಳುಮರಗಳ ಕೊಂಬೆ ಸವರುವ ಮರಗಸಿಗೆ ಏಣಿ ಇಲ್ಲದೆ ಮರ ಹತ್ತಿದವರು ಈ ವಾಕ್ಯದಲ್ಲಿ ಕರ್ಮವಾಗಿಯೂ ಇಲ್ಲ. ಕನ್ನಡದಲ್ಲಿ ಇದನ್ನು ಸರಿಪಡಿಸಲು ಬಹಳ ಕಷ್ಟಪಡಬೇಕಾಗಿಲ್ಲ, 'ಇಸು' ಎಂಬ ಪ್ರೇರಣಾರ್ಥಕ ಪ್ರತ್ಯಯ ಸಾಕು. ಮಾಡಿದರು ಎಂಬುದು ಮಾಡಿಸಿದರು ಎಂದಾಗುತ್ತದೆ, ಮತ್ತು ಹಾಗಾದ ಕೂಡಲೇ "ಯಾರಿಂದ?" ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಕಳೆದ ವರ್ಷ ನಮ್ಮ ಕುಟುಂಬದ ಸ್ಮರಣ ಸಂಚಿಕೆಯ ಕರಡು ತಿದ್ದಲು ನನ್ನ ಕೈಗೆ ಬಂದಾಗ ಆ ಒಂದು ಅಕ್ಷರ ಸೇರಿಸಿ ಕಳಿಸಿದೆ. ದೊಡ್ಡಪ್ಪನ ಮಗ ಫೋನ್ ಮಾಡಿದರು. "ಮೇಷ್ಟ್ರ ಬುದ್ಧಿ ಬಿಡಲಿಲ್ಲ ನೀನು. ಮಾಡಿಸಿದರು ಅಂದರೆ ಅಜ್ಜ ಏನೂ ಮಾಡಲಿಲ್ಲ ಅಂದ ಹಾಗಾಗುತ್ತದಲ್ಲ?" ಎಂದರು. ಅಜ್ಜನೂ ದುಡಿದಿದ್ದಾರೆ, ಅದು ಬೇರೆ ವಾಕ್ಯ, ಅದನ್ನೂ ಬರೆಯೋಣ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು: "ಸರಿ, ಯಾರಿಂದ ಮಾಡಿಸಿದರು ಅಂತ ಬರೆಯುತ್ತೀಯ? ಹೆಸರು ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಸಂಚಿಕೆ "ಮಾಡಿದರು" ಎಂದೇ ಅಚ್ಚಾಯಿತು. ನನ್ನ ಪ್ರತಿಯಲ್ಲಿ ಆ ಅಕ್ಷರವನ್ನು ಪೆನ್ನಿನಲ್ಲಿ ಸೇರಿಸಿಕೊಂಡು, ಅಂಚಿನಲ್ಲಿ ಹದಿನೈದು ಗೆರೆ ಎಳೆದಿದ್ದೇನೆ. ಯರವರ ಹಾಡಿಯ ಹಿರಿಯ ಹೆಂಗಸೊಬ್ಬರು ನೆನಪಿನಿಂದ ಈವರೆಗೆ ಎರಡು ಹೆಸರು ಹೇಳಿದ್ದಾರೆ.