ಹೊಸ ಕಿಡ್ನಿ, ಹೊಸ ಹೊಟ್ಟೆ

ಎಲ್ಲರಿಗೂ ನಮಸ್ಕಾರ. ಇವತ್ತು ಆಗಸ್ಟ್ 3, ಅಂಗದಾನ ದಿನ. ದಾನದ ಬಗ್ಗೆ ಬೆಳಗ್ಗೆಯಿಂದ ಚೆನ್ನಾಗಿ ಮಾತಾಡಿದ್ದಾರೆ. ನಾನು ಕಿಡ್ನಿ ತಗೊಂಡವನು. ತಗೊಂಡ ಮೇಲಿನ ಕಥೆ ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ಕಸಿ ಮಾಡಿಸಿಕೊಂಡ ನಮ್ಮವರು ಕೆಲವರು ಮಾಸ್ಕ್ ಹಾಕಿಕೊಂಡು ಕೂತಿದ್ದೀರಿ. ಗಲ್ಲ ಮಾಸ್ಕಿನ ಆಚೆ ಬಂದಿದೆ, ಅಲ್ವಾ? ನನ್ನದೂ ಹಾಗೇ ಇತ್ತು.

ಡಯಾಲಿಸಿಸ್ ದಿನಗಳಲ್ಲಿ ನನಗೆ ದಿನಕ್ಕೆ ಒಂದೇ ಲೀಟರ್ ನೀರು. ಬಾಳೆಹಣ್ಣು ಮುಟ್ಟುವ ಹಾಗಿಲ್ಲ. ಕಸಿ ಆದಮೇಲೆ ಡಾಕ್ಟರ್ "ಮೂರು ಲೀಟರ್ ಕುಡೀರಿ" ಅಂದರು. ಒಂದು ತಂಬಿಗೆ ಗಟಗಟ ಕುಡಿದು ಅತ್ತುಬಿಟ್ಟೆ. ನೀರಿಗೇ ನಿಂತಿದ್ದರೆ ಚೆನ್ನಾಗಿತ್ತು.

ರಾತ್ರಿ ಎರಡಕ್ಕೆ ಎಚ್ಚರ. ಹೊಟ್ಟೆಯಲ್ಲಿ ಬೆಂಕಿ. ಕತ್ತಲಲ್ಲೇ ಡಬ್ಬಿ ತೆಗೆದರೆ ಕಡಕ್ ರೊಟ್ಟಿ. ಕದ್ದು ತಿನ್ನಲಿಕ್ಕೆ ಇದಕ್ಕಿಂತ ಕೆಟ್ಟ ಪದಾರ್ಥ ಇಲ್ಲ. ಒಂದು ಮುರಿದರೆ ಪಕ್ಕದ ಮನೆ ನಾಯಿ ಬೊಗಳುತ್ತದೆ. ಮರುದಿನದಿಂದ ಮಲಗುವ ಮುಂಚೆ ನಾಲ್ಕು ರೊಟ್ಟಿ ಒದ್ದೆ ಟವೆಲಿನಲ್ಲಿ ಸುತ್ತಿಟ್ಟೆ, ಮೆತ್ತಗಾಗಲಿ ಅಂತ. ಜೊತೆಗೆ ಶೇಂಗಾ ಚಟ್ನಿ, ಅದರ ಮೇಲೆ ಎಣ್ಣೆ. ಹದಿನೈದು ದಿನ ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಹೆಂಡತಿ ಟವೆಲ್ ಮೂಸಿ ನೋಡಿ, "ಇನ್ನ ಮ್ಯಾಲೆ ಹೊಸಾದು ತಗೋಬ್ಯಾಡ್ರಿ, ಹಳೇ ಟವೆಲ್ ಇಡ್ತೀನಿ" ಅಂದಳು.

ಆರು ತಿಂಗಳಿಗೆ 14 ಕೆಜಿ.

ಬರೀ ಬಾಯಿಚಪಲ ಅಲ್ಲ ಇದು. 1954ರಲ್ಲಿ ಬೋಸ್ಟನ್‌ನಲ್ಲಿ ಮೊದಲ ಬಾರಿ ಕಿಡ್ನಿ ಕಸಿ ಗೆದ್ದಿದ್ದು ತದ್ರೂಪಿ ಅವಳಿಗಳ ನಡುವೆ. ಅಲ್ಲಿ ದೇಹ ಹೊಸ ಕಿಡ್ನಿ ಜೊತೆ ಜಗಳ ತೆಗೆಯಲಿಲ್ಲ. ನಮಗೆಲ್ಲ ಅವಳಿ ಎಲ್ಲಿಂದ ತರೋಣ? ಅದಕ್ಕೇ ಈ ಜಗಳ ತಡೆಯುವ ಗುಳಿಗೆ. ಅದರಲ್ಲಿ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ಮುಖಕ್ಕೆ, ಹೊಟ್ಟೆಗೆ ಕೊಬ್ಬು ತರುತ್ತದೆ. ನಿದ್ದೆ ಕೆಡಿಸುತ್ತದೆ. ಮನಸ್ಸನ್ನೂ ಆಡಿಸುತ್ತದೆ.

ಆದರೆ ಬಂದವರೆಲ್ಲ ಹೇಳುವುದು ಒಂದೇ: "ಜೀವ ಉಳೀತಲ್ಲ, ಇನ್ನೇನು ಬೇಕು?" ನಾನು ಕಟ್ಟೆ ಮೇಲೆ ಸುಮ್ನೆ ಕೂತಿರುತ್ತಿದ್ದೆ. ಕನ್ನಡಿಯ ಮುಖ ನನ್ನದಲ್ಲ. ಯಾರಿಗೆ ಹೇಳುವುದು? ಕಿಡ್ನಿ ಕೊಟ್ಟವಳು ನನ್ನ ಅಕ್ಕ. ಗದಗಿನಿಂದ ದಿನಾ ಸಂಜೆ ಫೋನು. "ಕಿಡ್ನಿ ಹೆಂಗೈತಿ?" ಅಂತ ಮೊದಲು ಅದನ್ನೇ ಕೇಳುತ್ತಿದ್ದಳು. "ಆರಾಮೈತಿ" ಅನ್ನುತ್ತಿದ್ದೆ. ಅದು ಆರಾಮೇ ಇತ್ತು. ನಾನು ಇರಲಿಲ್ಲ.

ಒಂದು ಸಂಜೆ ಬಾಯಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಆಪರೇಷನ್ ಆದಮ್ಯಾಲೆ ಹಿಂಗ ಆಗಿತ್ತೋ. ನಿನಗೆ ಹೆಂಗ ಹೇಳ್ಲಿ ಅಂತ ಸುಮ್ನಿದ್ದೆ" ಅಂದಳು. ಜೀವ ಉಳೀತಲ್ಲ ಅನ್ನುವ ಮಾತು ಕೊಟ್ಟವರ ಬಾಯಿಯನ್ನೂ ಮುಚ್ಚಿಸಿತ್ತು, ನೋಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಇನ್ನೂ ಆರು ವಿಷಯ ಬರೆದುಕೊಂಡಿದ್ದೆ. ಓಡಿಸುತ್ತೇನೆ. ಮುಖ ಊದಿತು ಅಂತ ಗುಳಿಗೆ ನೀವೇ ಬಿಡಬೇಡಿ, ಕಿಡ್ನಿ ಹೋಗುತ್ತದೆ. ಡೋಸ್ ಇಳಿಸುವುದು ಡಾಕ್ಟರ ಕೆಲಸ. ಎರಡು ದಿನದಲ್ಲಿ ಎರಡು ಕೆಜಿ ಏರಿದರೆ ಅದು ರೊಟ್ಟಿ ಅಲ್ಲ, ನೀರು. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ತೂಕ ಇಳಿಸುವ ಪುಡಿ, ಕಷಾಯ ಬೇಡವೇ ಬೇಡ. ಮನಸ್ಸಿಗೆ ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಅಲ್ಲಿ ಗುಳಿಗೆ ಬರೆದರೆ ಕಸಿ ಡಾಕ್ಟರಿಗೂ ತೋರಿಸಿ, ಕೆಲವು ಗುಳಿಗೆ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರುಪೇರು ಮಾಡುತ್ತವೆ; ಅದೂ ಕಿಡ್ನಿ ಕಾಯುವ ಗುಳಿಗೆಯೇ. ನಾನು ಉಣಕಲ್ ಕೆರೆ ಹತ್ತಿರ ದಿನಾ ನಡೆಯುತ್ತೇನೆ. 14ರಲ್ಲಿ ಒಂಬತ್ತು ಇಳಿದಿದೆ. ಐದು ಇನ್ನೂ ಜೊತೆಗಿದೆ.

ಹೊರಗೆ ಚಹಾ ಜೊತೆ ಮಿರ್ಚಿ ಇಟ್ಟಿದ್ದಾರಂತೆ. ನಾನು ಒಂದೇ ತಗೊಳ್ಳುತ್ತೇನೆ. ಯಾರಾದರೂ ಎಣಿಸಿ.