ಒತ್ತಕ್ಷರಕ್ಕೆ ಒಂದಿಷ್ಟು ಜಾಗ

ಕೇಳುಗರಿಗೆ ನಮಸ್ಕಾರ.

ನನ್ನ ಸೋದರತ್ತೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದವರು. ಒಂದು ಸಂಜೆ ಅವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕೊನೆಗೆ ಅದನ್ನು ನನ್ನ ಕೈಗಿಟ್ಟು, "ಮೇಲಿನವನ ಕಾಲನ್ನು ಕೆಳಗಿನವನ ತಲೆಯ ಮೇಲೆ ಇಡಿಸಿದ್ದೀಯಲ್ಲೋ" ಎಂದರು.

ಅವರು ಓದುತ್ತಿದ್ದುದು ನಾನೇ ವಿನ್ಯಾಸ ಮಾಡಿದ ಪುಟ. ಶೀರ್ಷಿಕೆ ಎರಡು ಸಾಲಿನದು. ಮೇಲಿನ ಸಾಲಿನಲ್ಲಿ 'ಶಾಸ್ತ್ರ' ಎಂಬ ಪದವಿತ್ತು. ಸಕಾರದ ಕೆಳಗೆ ತಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಆ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಂಡು, ಎರಡೂ ಪದಗಳು ಓದಲಾಗದಂತಾಗಿದ್ದವು. ಬಣ್ಣ ಚೆನ್ನಾಗಿತ್ತು, ಚಿತ್ರ ಚೆನ್ನಾಗಿತ್ತು. ಅಕ್ಷರ ಮಾತ್ರ ಉಸಿರು ಕಟ್ಟಿ ಕೂತಿತ್ತು.

ಅಂದಿನಿಂದ ನಾನು ಪರದೆಯ ಮೇಲಿನ ಕನ್ನಡವನ್ನು ಬೇರೆ ಕಣ್ಣಿನಿಂದ ನೋಡಲು ತೊಡಗಿದೆ. ನಮಗೆ ಸಿದ್ಧವಾಗಿ ಸಿಗುವ ಪುಟದ ಅಚ್ಚುಗಳಲ್ಲಿ ಬಹುಪಾಲು ಇಂಗ್ಲಿಷ್ ಸಾಲಿನ ಅಳತೆಗೆ ಕೊಯ್ದ ಅಂಗಿಗಳು. ಇಂಗ್ಲಿಷ್ ಅಕ್ಷರಗಳು ಒಂದು ಗೆರೆಯ ಮೇಲೆ ಕೂರುತ್ತವೆ, ಕೆಲವು ಮಾತ್ರ ಸ್ವಲ್ಪ ಕೆಳಗೆ ಇಳಿಯುತ್ತವೆ. ಕನ್ನಡದ ಸಾಲಿಗೆ ಮೂರು ಅಂತಸ್ತು. ಮೇಲೆ ತಲಕಟ್ಟು, ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು. ಅಕ್ಷರದ ಗಾತ್ರದ ಒಂದೂಕಾಲು ಪಟ್ಟು ಎತ್ತರದ ಸಾಲು ಇಂಗ್ಲಿಷಿಗೆ ಸಾಕಾಗಬಹುದು. ನಾನು ಈಗ ಕನ್ನಡಕ್ಕೆ ಒಂದೂಮುಕ್ಕಾಲು ಪಟ್ಟು ಇಡುತ್ತೇನೆ. ಒಂದೇ ಪರದೆಯಲ್ಲಿ ಹೆಚ್ಚು ಸಾಲು ತುಂಬಿಸುವ ಆಸೆಯನ್ನು ಬಿಟ್ಟುಬಿಟ್ಟಿದ್ದೇನೆ.

ಅಚ್ಚುಮೊಳೆ ಜೋಡಿಸುತ್ತಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒತ್ತಿನ ಮೊಳೆಯನ್ನು ಕೈಯಾರೆ ಕೂರಿಸುತ್ತಿದ್ದವರು ಅವರು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು 'ಮಂಗಳೂರು ಸಮಾಚಾರ' ಪತ್ರಿಕೆಯನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕೈಬರಹವೇ ಕಲ್ಲಿನ ಮೇಲೆ ಇಳಿಯುವಾಗ ಒತ್ತು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಕೈ ತಿಳಿದದ್ದನ್ನು ಯಂತ್ರಕ್ಕೆ ನಾವು ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ತೊಂದರೆ ಉದ್ದ ಪದಗಳದು. 'ಹೇಳಬೇಕಾಗಿತ್ತೆಂದುಕೊಂಡವರಿಗೆ' ಎಂದು ಒಂದೇ ಉಸಿರಿನಲ್ಲಿ ಹೇಳುವ ಭಾಷೆ ನಮ್ಮದು. ಮೊಬೈಲಿನ ಸಾಲಿನಲ್ಲಿ ಹಿಡಿಯುವುದು ಮೂರೋ ನಾಲ್ಕೋ ಪದ. ಪುಸ್ತಕದಂತೆ ಎಡ ಬಲ ಎರಡೂ ಅಂಚು ಸಮವಾಗಿರಲಿ ಎಂದು ಹಟ ಹಿಡಿದರೆ ಪದಗಳ ನಡುವೆ ಗದ್ದೆಯ ಬದುವಿನಷ್ಟು ಅಗಲದ ಖಾಲಿ ಬೀಳುತ್ತದೆ. ಬಲದ ಅಂಚು ಏರುಪೇರಾದರೆ ಆಗಲಿ ಬಿಡಿ. ಹಾಗೆಯೇ ಅಕ್ಷರವನ್ನು ದಪ್ಪ ಮಾಡುವಾಗಲೂ ಎಚ್ಚರ ಬೇಕು. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು. ಸಣ್ಣ ಗಾತ್ರದಲ್ಲಿ ದಪ್ಪ ಮಾಡಿದರೆ ಆ ಸೀಳು ಮುಚ್ಚಿಕೊಂಡು, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಓರೆ ಅಕ್ಷರವಂತೂ ನಮ್ಮ ಲಿಪಿಯ ಸಂಪ್ರದಾಯದಲ್ಲೇ ಇಲ್ಲ. ಯಂತ್ರ ಅಕ್ಷರವನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ, ಅಷ್ಟೆ.

ಇವೆಲ್ಲ ಕಣ್ಣಿಗೆ ಕಾಣುವ ವಿಷಯ. ಕಾಣದಿರುವುದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ.

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಕೆ. ಪಿ. ರಾವ್ ಅವರಂಥವರು ಕೀಲಿಮಣೆಯ ವಿನ್ಯಾಸದಿಂದಲೇ ಶುರು ಮಾಡಬೇಕಾಯಿತು. 'ಬರಹ', 'ನುಡಿ' ತಂತ್ರಾಂಶಗಳು ಮನೆಮನೆಗೆ, ಕಚೇರಿ ಕಚೇರಿಗೆ ಕನ್ನಡ ತಂದವು. ಆ ಕಾಲದ ಅನೇಕ ಕಡತಗಳಲ್ಲಿ ಕಾಣುವುದು ಕನ್ನಡ, ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಸಂಕೇತ ಕೊಡುವ ಪದ್ಧತಿಯಾದ ಯುನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳು 1991ರಲ್ಲೇ ದೊರೆತವು. ಆದರೂ ಇಂದಿಗೂ ಎಷ್ಟೋ ಪ್ರಕಟಣೆ, ಕವಿತೆ, ಆಹ್ವಾನಪತ್ರಿಕೆಗಳನ್ನು ನಾವು ಚಿತ್ರ ಮಾಡಿ ಹಂಚುತ್ತೇವೆ. ನನಗೆ ಪರಿಚಯವಿರುವ ದೃಷ್ಟಿಹೀನ ಉಪನ್ಯಾಸಕಿಯೊಬ್ಬರು ಪರದೆ ಓದುವ ತಂತ್ರಾಂಶದ ನೆರವಿನಿಂದ ದಿನವೂ ಕನ್ನಡ ಓದುತ್ತಾರೆ. ಅಂಥ ಚಿತ್ರ ಬಂದಾಗ ಯಂತ್ರ 'ಚಿತ್ರ' ಎಂದು ಹೇಳಿ ಸುಮ್ಮನಾಗುತ್ತದೆ. "ನಿಮಗೆ ಅದು ಕವಿತೆ, ನನಗೆ ಖಾಲಿ ಹಾಳೆ" ಎಂದು ಅವರು ಒಮ್ಮೆ ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ.

ನಾಳೆಯ ತಂತ್ರಜ್ಞಾನ ಎಂದಾಗ ನನಗೆ ಮೊದಲು ನೆನಪಾಗುವುದು ಅವರೇ. ಮುಂದೆ ಓದುವುದರಲ್ಲಿ ದೊಡ್ಡ ಪಾಲು ಕಿವಿಯ ಮೂಲಕವೇ ನಡೆಯುತ್ತದೆ ಎಂಬುದು ನನ್ನ ನಂಬಿಕೆ. ಬಾನುಲಿ ಕೇಳುವ ನಿಮಗೆ ಇದು ಹೊಸತೇನಲ್ಲ. ಅಡುಗೆ ಮಾಡುತ್ತಾ, ಹೊಲದಲ್ಲಿ ಕೆಲಸ ಮಾಡುತ್ತಾ, ಯಂತ್ರದ ದನಿಯಲ್ಲಿ ಲೇಖನವೊಂದನ್ನು ಕೇಳಬಹುದು. ಆದರೆ ಆ ದನಿಗೆ ಪಠ್ಯ ಬೇಕು. ಶೀರ್ಷಿಕೆಯನ್ನು ಬರೀ ದೊಡ್ಡ ಅಕ್ಷರದಲ್ಲಿ ಬರೆದರೆ ಸಾಲದು, ಇದು ಶೀರ್ಷಿಕೆ ಎಂದು ಪುಟದೊಳಗೆ ಗುರುತು ಮಾಡಿರಬೇಕು. ಆಗ ಕೇಳುವವರು ಬೇಕಾದ ಭಾಗಕ್ಕೆ ನೇರವಾಗಿ ಹೋಗಬಹುದು.

ಕೃತಕ ಬುದ್ಧಿಮತ್ತೆಯ ವಿಷಯವೂ ಇಲ್ಲಿಗೇ ಬಂದು ಸೇರುತ್ತದೆ. 'ಸ್ತ್ರೀ' ಎಂಬುದು ನಮಗೆ ಒಂದು ಅಕ್ಷರ. ಯುನಿಕೋಡಿನಲ್ಲಿ ಅದು ಆರು ಸಂಕೇತ, ಸಾಮಾನ್ಯ ಬಳಕೆಯ ರೂಪದಲ್ಲಿ ಶೇಖರಿಸಿದರೆ 18 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು. ಕನ್ನಡವನ್ನು ಕಡಿಮೆ ಕಂಡಿರುವ ಯಂತ್ರ ನಮ್ಮ ಪದಗಳನ್ನು ಚೂರುಚೂರು ಮಾಡಿಕೊಂಡು ಓದುತ್ತದೆ. ಅದಕ್ಕೆ ಹೆಚ್ಚು ಕನ್ನಡ ಕಾಣಬೇಕಾದರೆ ಒಳ್ಳೆಯ ಬರಹ ನಿಜವಾದ ಅಕ್ಷರಗಳಲ್ಲಿ ಇರಬೇಕು. ಚಿತ್ರಗಳಲ್ಲಿ, ಹಳೆಯ ಸಂಕೇತದ ಕಡತಗಳಲ್ಲಿ ಸಿಕ್ಕಿಬಿದ್ದಿರುವ ಕನ್ನಡವನ್ನು ಬಿಡಿಸಿ ತರುವುದು ಸಣ್ಣ ಕೆಲಸವಲ್ಲ. ನಿಮ್ಮ ಊರಿನ ಸಂಘದ ಬಳಿಯೋ ಗ್ರಂಥಾಲಯದ ಬಳಿಯೋ ಅಂಥ ಕಡತಗಳಿದ್ದರೆ, ಅವು ತೆರೆಯಲು ಬರುತ್ತಿರುವಾಗಲೇ ಯುನಿಕೋಡಿಗೆ ಬದಲಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಅತ್ತೆ ಈಗ ಅಕ್ಷರಗಳನ್ನು ಎರಡರಷ್ಟು ಹಿಗ್ಗಿಸಿಕೊಂಡು ಓದುತ್ತಾರೆ. ಸಾಲುಗಳು ಪರದೆಯಿಂದ ಹೊರಗೆ ಚೆಲ್ಲುವುದಿಲ್ಲ. ಮೊನ್ನೆ ಮತ್ತೆ ಫೋನ್ ಮಾಡಿದ್ದರು. 'ರ‍್ಯಾಂಕ್' ಎಂದು ಬರೆಯುವಾಗ ರಕಾರಕ್ಕೆ ಯಕಾರದ ಒತ್ತು ಬರಬೇಕು, ನೀನು ಯಕಾರಕ್ಕೆ ಅರ್ಕಾವೊತ್ತು ಹಾಕಿಬಿಟ್ಟಿದ್ದೀಯ, ಹಾಗೆ ಬರೆಯುವುದು 'ಸೂರ್ಯ'ನನ್ನು ಎಂದು ತಿಳಿಹೇಳಿದರು. ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಬೆರಳಚ್ಚಿಸಿದರೆ ಅದು ಸರಿಯಾಗುತ್ತದೆ. ಹಳೆಯ ಪುಟಗಳಲ್ಲಿ ಅದು ಎಲ್ಲೆಲ್ಲಿ ತಪ್ಪಿದೆಯೋ ಹುಡುಕುತ್ತಿದ್ದೇನೆ, ಅರ್ಧ ಮುಗಿದಿದೆ.

ನಮಸ್ಕಾರ.