ಹೆಸರು ಹೇಳದ ಹಾಡು

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ದೃಶ್ಯ ನೆನಪು ಮಾಡಿಕೊಳ್ಳೋಣ. ಕಪ್ಪು ಬಿಳುಪು ಚಿತ್ರ. ಒಂದು ಶೌಚಾಲಯ. ಇಬ್ಬರು ಹೊಡೆದಾಡುತ್ತಿದ್ದಾರೆ. ನೋಡೋಕೆ ಚಂದದ ಹೊಡೆದಾಟ ಏನಲ್ಲ. ಏದುಸಿರು, ತಳ್ಳಾಟ. ಕೊನೆಗೆ ಒಬ್ಬ ಇನ್ನೊಬ್ಬನ ತಲೆಯನ್ನು ಸಿಂಕಿನ ನೀರಿನಲ್ಲಿ ಅದುಮಿ ಹಿಡಿಯುತ್ತಾನೆ. ಕಥೆ ಮುಗಿಯಿತು ಅಂದುಕೊಂಡರೆ, ಬಿದ್ದವನು ಪಿಸ್ತೂಲು ಎತ್ತುತ್ತಾನೆ. ಇವನು ಥಟ್ಟನೆ ತಿರುಗಿ ಗುಂಡು ಹಾರಿಸುತ್ತಾನೆ. ಪರದೆಯ ಮೇಲಿಂದ ರಕ್ತ ಇಳಿಯುತ್ತದೆ. ಅಷ್ಟರಲ್ಲಿ ಗಿಟಾರೂ ತುತ್ತೂರಿಗಳೂ ಒಟ್ಟಿಗೆ ಮೈಮೇಲೆ ಬಿದ್ದ ಹಾಗೆ ಹಾಡು ಶುರುವಾಗುತ್ತದೆ.

ಇದು 2006ರ ‘ಕ್ಯಾಸಿನೋ ರಾಯಲ್’. ಡೇನಿಯಲ್ ಕ್ರೇಗ್ ಮೊದಲ ಸಲ ಜೇಮ್ಸ್ ಬಾಂಡ್ ಆಗಿದ್ದು ಇದರಲ್ಲೇ. ಹಾಡಿನ ದನಿ ಅಮೆರಿಕದ ರಾಕ್ ಗಾಯಕ ಕ್ರಿಸ್ ಕಾರ್ನೆಲ್ ಅವರದು. ಹಾಡಿನ ಹೆಸರು ‘ಯೂ ನೋ ಮೈ ನೇಮ್’, ಅಂದರೆ ‘ನನ್ನ ಹೆಸರು ನಿನಗೆ ಗೊತ್ತು’. ಆದರೆ ಹಾಡು ಪೂರ್ತಿ ಹುಡುಕಿದರೂ ಒಂದು ಹೆಸರು ಸಿಗುವುದಿಲ್ಲ. ಬಾಂಡ್ ಹೆಸರಿಲ್ಲ, ಚಿತ್ರದ ಹೆಸರೂ ಇಲ್ಲ. ಇದು ಮರೆತು ಬಿಟ್ಟಿದ್ದಲ್ಲ, ಬೇಕೆಂದೇ ಬಿಟ್ಟಿದ್ದು.

ಕಾರ್ನೆಲ್ ಅಂದರೆ ಕಿರುಚುವ ಗಾಯಕ ಅಂತ ತುಂಬಾ ಜನರ ಲೆಕ್ಕ. ತಪ್ಪೇನಲ್ಲ. ಅವರ ದನಿ ಸುಮಾರು ನಾಲ್ಕು ಸ್ಥಾಯಿ ಓಡಾಡುತ್ತಿತ್ತು ಅನ್ನುತ್ತಾರೆ. ತಾರಸ್ಥಾಯಿಯಲ್ಲಿ ನಿಂತರೆ ಗಾಜು ಗೀರಿದ ಹಾಗೆ ಕೇಳುತ್ತಿತ್ತು. ಆದರೆ ನನಗೆ ಅವರು ಹಿಡಿಸಿದ್ದು ಬೇರೆ ಕಾರಣಕ್ಕೆ. ಎಲ್ಲಿ ಹಾಡಬಾರದು, ಯಾರಿಗೆ ಜಾಗ ಬಿಡಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಬಾಂಡ್ ಹಾಡಿನವರೆಗೂ ಈ ಬುದ್ಧಿ ಬರುತ್ತದೆ.

1964ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಬೀಟಲ್ಸ್ ರೆಕಾರ್ಡುಗಳು ಸಿಕ್ಕಿದ್ದವು. ಒಂದೆರಡು ವರ್ಷ ಅದೇ ಕೇಳಿದ್ದು. ಓದು ಅರ್ಧಕ್ಕೇ ಬಿಟ್ಟರು. ಮೀನಿನ ಸಗಟು ವ್ಯಾಪಾರದವರ ಹತ್ತಿರ ಲೋಳೆ ಒರೆಸುವ ಕೆಲಸ, ಆಮೇಲೆ ಹೋಟೆಲ್ ಅಡುಗೆಮನೆ. 1984ರಲ್ಲಿ ಕಿಮ್ ಥೇಯಿಲ್, ಹಿರೋ ಯಮಾಮೊಟೊ ಜೊತೆ ಸೇರಿ ‘ಸೌಂಡ್‌ಗಾರ್ಡನ್’ ಅನ್ನುವ ರಾಕ್ ತಂಡ ಕಟ್ಟಿದರು. ಥೇಯಿಲ್ ಅಂದಕೂಡಲೇ ಕೆಲವರ ಕಿವಿ ನೆಟ್ಟಗಾಗಿರಬೇಕು. ಹೌದು, ಅವರ ಅಪ್ಪ ಅಮ್ಮ ಕೇರಳದವರು. ತಂಡದ ಹೆಸರು ಸಿಯಾಟಲ್‌ನ ಸರೋವರದ ದಡದಲ್ಲಿರುವ ಒಂದು ಶಿಲ್ಪದ್ದು. ಉಕ್ಕಿನ ಕಂಬಗಳಿಗೆ ಕೊಳವೆಗಳನ್ನು ತೂಗುಹಾಕಿದ್ದಾರೆ. ಗಾಳಿ ಬೀಸಿದರೆ ಅವು ಊಳಿಡುತ್ತವೆ.

ಆ ತಂಡದಲ್ಲಿ ಕಾರ್ನೆಲ್ ಮೊದಲು ಕೂತಿದ್ದು ಡ್ರಮ್ ಹಿಂದೆ. ಡ್ರಮ್ ಬಾರಿಸುತ್ತಲೇ ಹಾಡುತ್ತಿದ್ದರು. ಬೇರೆ ಡ್ರಮ್ಮರ್ ಬಂದ ಮೇಲೆ ಮೈಕಿನ ಮುಂದೆ ಬಂದರು. ಇದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ. ಈ ತಂಡದ ಎಷ್ಟೋ ಹಾಡುಗಳು ನಾಲ್ಕರ ಲೆಕ್ಕಕ್ಕೆ ಸಿಗುವುದೇ ಇಲ್ಲ. ‘ಸ್ಪೂನ್‌ಮ್ಯಾನ್’ ಕೇಳಿ, ಏಳು ಎಣಿಕೆ ಬರುತ್ತದೆ. ನಮ್ಮಲ್ಲಿ ಮಿಶ್ರಛಾಪು ಕೇಳಿದವರಿಗೆ ಏಳು ಹೊಸದಲ್ಲ. ರಾಕ್ ಕೇಳಿ ಬೆಳೆದವರಿಗೆ ಕಾಲು ತಪ್ಪುತ್ತದೆ. ಲೆಕ್ಕ ಹಾಕಿ ಮಾಡಿದ್ದಾ ಅಂತ ಕೇಳಿದರೆ ಥೇಯಿಲ್ ಅವರ ಉತ್ತರ ಇಷ್ಟೇ: ಹಾಡು ಆದಮೇಲೇ ಎಣಿಸುತ್ತಿದ್ದೆವು, ಸುಮ್ನೆ ಹಾಗೆ ಬಂತು.

ಈಗ 1990. ಕಾರ್ನೆಲ್ ಜೊತೆ ಒಂದೇ ಮನೆಯಲ್ಲಿದ್ದ ಗೆಳೆಯ, ಗಾಯಕ ಆಂಡ್ರ್ಯೂ ವುಡ್ ಮಾರ್ಚ್‌ನಲ್ಲಿ ತೀರಿಕೊಂಡರು. ಹೆರಾಯಿನ್ ಜಾಸ್ತಿಯಾಗಿ ಸತ್ತಿದ್ದು. ವಯಸ್ಸು 24. ಕಾರ್ನೆಲ್ ಆ ದುಃಖದಲ್ಲಿ ಕೆಲವು ಹಾಡು ಬರೆದರು. ವುಡ್ ಅವರ ತಂಡದಲ್ಲಿ ಉಳಿದವರನ್ನು ಸೇರಿಸಿಕೊಂಡು ‘ಟೆಂಪಲ್ ಆಫ್ ದಿ ಡಾಗ್’ ಅನ್ನುವ ಒಂದೇ ಒಂದು ಆಲ್ಬಂ ಮಾಡಿದರು. ಅದರ ಅಭ್ಯಾಸದ ಒಂದು ದಿನ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಹಾಡು ‘ಹಂಗರ್ ಸ್ಟ್ರೈಕ್’. ಅದಕ್ಕೆ ಇದ್ದದ್ದು ಒಂದೇ ಚರಣ. ಕಾರ್ನೆಲ್ ಕೆಳಗಿನ ದನಿಯನ್ನೂ ಮೇಲಿನ ದನಿಯನ್ನೂ ತಾವೇ ಹಾಡೋಕೆ ಒದ್ದಾಡುತ್ತಿದ್ದರು. ಮಂದ್ರದಿಂದ ತಾರಕ್ಕೆ ಜಿಗಿಯುವಷ್ಟರಲ್ಲಿ ಉಸಿರು ಸಿಗುತ್ತಿರಲಿಲ್ಲ. ಮೂಲೆಯಲ್ಲಿ ಒಬ್ಬ ಹುಡುಗ ತನ್ನ ಸರದಿಗೆ ಕಾಯುತ್ತಾ ಕೂತಿದ್ದ. ಬೇರೆ ಊರಿನಿಂದ ಬಂದವನು, ಆ ಗೆಳೆಯರ ಹೊಸ ತಂಡಕ್ಕೆ ಹಾಡಿ ತೋರಿಸೋಕೆ ಬಂದಿದ್ದ, ನಾಚಿಕೆ ಸ್ವಭಾವ. ಎದ್ದು ಮೈಕಿನ ಹತ್ತಿರ ಹೋಗಿ ಕೆಳಗಿನ ದನಿಯನ್ನು ಹಾಡಿಬಿಟ್ಟ. ಎಡ್ಡಿ ವೆಡ್ಡರ್. ಆ ಹೊಸ ತಂಡವೇ ಮುಂದೆ ‘ಪರ್ಲ್ ಜಾಮ್’ ಆಯಿತು.

ಬೇರೆ ಗಾಯಕರಾಗಿದ್ದರೆ ಏನು ಮಾಡುತ್ತಿದ್ದರು? ಹುಬ್ಬು ಗಂಟಿಕ್ಕುತ್ತಿದ್ದರು, ಅಲ್ವಾ? ಕಾರ್ನೆಲ್ ಇರುವ ಆ ಒಂದೇ ಚರಣವನ್ನು ಮೊದಲು ವೆಡ್ಡರ್ ಕೈಗೆ ಕೊಟ್ಟರು. ಅವನು ಕೆಳಗೆ ಹಾಡಲಿ, ಅದನ್ನೇ ನಾನು ಮೇಲೆ ಹಾಡುತ್ತೇನೆ ಅಂದರು. ಎರಡನೇ ಚರಣ ಬರೆಯುವ ಕೆಲಸವೂ ತಪ್ಪಿತು ಅನ್ನಿ. ಆದರೆ ಅದೇ ಮಾತು ಎರಡು ಗಂಟಲಿನಲ್ಲಿ ಬಂದಾಗ ಎರಡು ಬೇರೆ ಮಾತಾಯಿತು.

ಮುಂದಿನ ಹೆಸರು, ದುಡ್ಡು, ಪ್ರಶಸ್ತಿಗಳ ಕಥೆ ಬೇಗ ಹೇಳಿಬಿಡುತ್ತೇನೆ. 1994ರಲ್ಲಿ ಸೌಂಡ್‌ಗಾರ್ಡನ್ ತಂಡದ ‘ಸೂಪರ್‌ಅನ್‌ನೋನ್’ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ನೇರವಾಗಿ ಮೊದಲ ಜಾಗಕ್ಕೆ ಹೋಯಿತು. ಅದರ ‘ಬ್ಲ್ಯಾಕ್ ಹೋಲ್ ಸನ್’ ಹಾಡನ್ನು ಕಾರ್ನೆಲ್ ಸ್ಟುಡಿಯೋದಿಂದ ಮನೆಗೆ ಕಾರು ಓಡಿಸುತ್ತಾ ತಲೆಯಲ್ಲೇ ಕಟ್ಟಿದ್ದು. ಟೀವಿಯಲ್ಲಿ ಸುದ್ದಿ ಓದುವವರ ಮಾತು ತಪ್ಪಾಗಿ ಕೇಳಿಸಿ ಆ ಹೆಸರು ಹೊಳೆದಿತ್ತಂತೆ. 1995ರಲ್ಲಿ ಆ ಆಲ್ಬಂನ ಎರಡು ಹಾಡಿಗೆ ಎರಡು ಗ್ರ್ಯಾಮಿ ಬಂತು. 1997ರಲ್ಲಿ ತಂಡ ಒಡೆಯಿತು. ಆಮೇಲೆ ಗಾಯಕನಿಲ್ಲದೆ ಉಳಿದಿದ್ದ ‘ರೇಜ್ ಅಗೇನ್ಸ್ಟ್ ದಿ ಮಷೀನ್’ ತಂಡದ ಮೂವರ ಜೊತೆ ಸೇರಿ ‘ಆಡಿಯೋಸ್ಲೇವ್’ ಮಾಡಿದರು. 2005ರ ಮೇ 6ರಂದು ಈ ತಂಡ ಕ್ಯೂಬಾದ ಹವಾನಾದಲ್ಲಿ ಬಯಲಲ್ಲಿ, ಟಿಕೆಟ್ ಇಲ್ಲದೆ ಹಾಡಿತು. ಅಮೆರಿಕದ ಒಂದು ರಾಕ್ ತಂಡ ಅಲ್ಲಿ ಹಾಗೆ ಹಾಡಿದ್ದು ಅದೇ ಮೊದಲು.

2006ರಲ್ಲಿ ಬಾಂಡ್ ಚಿತ್ರಕ್ಕೆ ಕರೆ ಬಂತು. ಆಗ ಕಾರ್ನೆಲ್ ಇದ್ದದ್ದು ಪ್ಯಾರಿಸ್‌ನಲ್ಲಿ. ಆ ಚಿತ್ರಗಳ ಮೇಲೆ ಅವರಿಗೆ ಅಷ್ಟೇನೂ ಒಲವಿರಲಿಲ್ಲ. ಕ್ರೇಗ್ ಬಾಂಡ್ ಆಗುತ್ತಿದ್ದಾರೆ ಅಂದಾಗ ಕಿವಿ ಕೊಟ್ಟರು. ಅದೇ ಹೊತ್ತಿಗೆ ಒಂದಷ್ಟು ಅಭಿಮಾನಿಗಳು ಹೊಂಬಣ್ಣದ ಕೂದಲಿನ ಬಾಂಡ್ ಬೇಡವೇ ಬೇಡ ಅಂತ ರಂಪ ಎಬ್ಬಿಸಿದ್ದರು. ಕಾರ್ನೆಲ್ ಪ್ರಾಗ್‌ಗೆ ಹೋಗಿ, ಅಲ್ಲಿಯವರೆಗೆ ತೆಗೆದಿದ್ದ ದೃಶ್ಯಗಳನ್ನು ನೋಡಿ ಬಂದರು. ಕಂಡದ್ದು ಹಳೆಯ ನಯವಾದ ಬಾಂಡ್ ಅಲ್ಲ. ಕೈ ರಕ್ತ ಮಾಡಿಕೊಳ್ಳುವ, ತಪ್ಪು ಮಾಡುವ, ಪ್ರೀತಿಗೆ ಬೀಳುವ ಮನುಷ್ಯ.

ಜೊತೆಗಾರ ಡೇವಿಡ್ ಆರ್ನಾಲ್ಡ್. ಇಂಗ್ಲೆಂಡಿನ ಲೂಟನ್‌ನವರು. 1997ರಿಂದ 2008ರವರೆಗೆ ಬಾಂಡ್ ಚಿತ್ರಗಳ ಹಿನ್ನೆಲೆ ಸಂಗೀತ ಇವರದೇ ಆಗಿತ್ತು. 1997ರಲ್ಲೇ ಹಳೆಯ ಬಾಂಡ್ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಒಂದು ಆಲ್ಬಂ ಕೂಡ ತಂದಿದ್ದರು. ಅಂದರೆ ಈ ಮನೆಯ ಮೂಲೆಮೂಲೆ ಬಲ್ಲವರು. ಕಾರ್ನೆಲ್ ಹೊಸ ಅತಿಥಿ. ಇಬ್ಬರೂ ತಮ್ಮ ತಮ್ಮ ಪಾಡಿಗೆ ಒಂದಿಷ್ಟು ಬರೆದುಕೊಂಡು ಪ್ಯಾರಿಸ್‌ನಲ್ಲಿ ಭೇಟಿಯಾದರು. ಎದುರುಬದುರು ನುಡಿಸಿ ನೋಡಿದರೆ ಎರಡೂ ಒಂದೇ ಹಾಡಿನ ಎರಡು ತುಂಡಿನ ಹಾಗಿದ್ದವು.

ಈ ಮನೆಗೆ ಬಂದವರು ಹಿಂದಿನವರನ್ನು ನೆನೆಯಲೇಬೇಕು. ಕಾರ್ನೆಲ್ ನೆನೆದದ್ದು ಇಬ್ಬರನ್ನು. ಒಬ್ಬರು 1965ರ ‘ಥಂಡರ್‌ಬಾಲ್’ ಹಾಡಿದ ಟಾಮ್ ಜೋನ್ಸ್. ಆ ಹಾಡಿನ ಕೊನೆಯ ಸ್ವರ ಎಷ್ಟು ಹೊತ್ತು ಎಳೆದರೆಂದರೆ, ಕಣ್ಣು ಬಿಟ್ಟಾಗ ಕೋಣೆಯೇ ತಿರುಗುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಇನ್ನೊಬ್ಬರು 1973ರ ‘ಲಿವ್ ಅಂಡ್ ಲೆಟ್ ಡೈ’ಯ ಪಾಲ್ ಮೆಕಾರ್ಟ್ನಿ. ನೆಲಮಾಳಿಗೆಯ ಬೀಟಲ್ಸ್ ರೆಕಾರ್ಡು ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಟಾಮ್ ಜೋನ್ಸ್ ಹಾಗೆ ಎದೆ ತುಂಬಿ ಹಾಡಬೇಕು ಅಂತ ಕಾರ್ನೆಲ್ ತೀರ್ಮಾನಿಸಿದ್ದರು.

ಹಾಗಾದರೆ ಹೆಸರು ಯಾಕೆ ಬಿಟ್ಟರು? ಅರ್ಧ ಕಾರಣ ಸರಳ. ‘ಕ್ಯಾಸಿನೋ ರಾಯಲ್’ ಅನ್ನುವ ಮಾತನ್ನು ಹಾಡಿನೊಳಗೆ ಕೂರಿಸೋಕೆ ಅವರಿಗೆ ಮನಸ್ಸಾಗಲಿಲ್ಲ. ನೀವೇ ಒಮ್ಮೆ ಗುನುಗಿ ನೋಡಿ, ಜೂಜುಕಟ್ಟೆಯ ಜಾಹೀರಾತಿನ ಹಾಗಾಗುತ್ತದೆ. 1983ರ ‘ಆಕ್ಟೋಪಸಿ’ ಆದಮೇಲೆ ಚಿತ್ರದ ಹೆಸರೇ ಹಾಡಿನ ಹೆಸರಾಗದ ಮೊದಲ ಬಾಂಡ್ ಹಾಡು ಇದು. ಉಳಿದ ಅರ್ಧ ಕಾರಣ ಕಥೆಯೊಳಗಿದೆ.

ಬಾಂಡ್ ಅಂದರೆ ನಿಮಗೆ ಯಾವ ರಾಗ ನೆನಪಾಗುತ್ತದೆ? 1962ರಿಂದ ಬಂದ ಆ ಗಿಟಾರ್ ತುಣುಕು. ಮಾಂಟಿ ನಾರ್ಮನ್ ಹೆಸರಿನಲ್ಲಿರುವ, ಜಾನ್ ಬ್ಯಾರಿ ವಾದ್ಯಗಳಿಗೆ ಹೊಂದಿಸಿದ ರಾಗ. ಆದರೆ ‘ಕ್ಯಾಸಿನೋ ರಾಯಲ್’ನ ಬಾಂಡ್ ಇನ್ನೂ ಪೂರ್ತಿ ಬಾಂಡ್ ಆಗಿಲ್ಲ. ಕೆಲಸಕ್ಕೆ ಹೊಸಬ. ಆ ರಾಗ ಹಾಕಿಕೊಳ್ಳುವ ಯೋಗ್ಯತೆ ಅವನು ಸಂಪಾದಿಸಬೇಕು. ಅದಕ್ಕೇ ಆರ್ನಾಲ್ಡ್ ಹಳೆಯ ರಾಗವನ್ನು ತಡೆಹಿಡಿದರು. ಅದರ ಜಾಗದಲ್ಲಿ ಚಿತ್ರದುದ್ದಕ್ಕೂ ಓಡಾಡುವುದು ಈ ಹಾಡಿನ ಸ್ವರಗಳೇ. ಬೆನ್ನಟ್ಟುವಾಗ ಅದೇ, ಕಾರು ಓಡಿಸುವಾಗ ಅದೇ. ಹಳೆಯ ರಾಗ ಆಗೊಮ್ಮೆ ಈಗೊಮ್ಮೆ ಇಣುಕುತ್ತದೆ, ಅಷ್ಟೇ. ಕೊನೆಗೆ ಇಟಲಿಯ ಕೋಮೋ ಸರೋವರದ ದಡ. ಬಾಂಡ್ ಒಬ್ಬನ ಕಾಲಿಗೆ ಗುಂಡು ಹೊಡೆದು, ಮೇಲೆ ನಿಂತು ತನ್ನ ಹೆಸರು ಹೇಳುತ್ತಾನೆ. ಆಗ, ಆಗ ಮಾತ್ರ ಹಳೆಯ ರಾಗ ಪೂರ್ತಿಯಾಗಿ ಸಿಡಿಯುತ್ತದೆ.

ಅಂದರೆ ಕಾರ್ನೆಲ್ ಹಾಡು ಎರಡೂಕಾಲು ಗಂಟೆ ಸೀಟು ಕಾದು, ಮಾಲೀಕ ಬಂದ ತಕ್ಷಣ ಎದ್ದು ಜಾಗ ಬಿಡುತ್ತದೆ. ಮೊದಲೇ ಹೆಸರು ಕೂಗಿಬಿಟ್ಟಿದ್ದರೆ ಆ ಕೊನೆಯ ಮಾತಿಗೆ ಏನು ಉಳಿಯುತ್ತಿತ್ತು? ಇಂಥ ಹಾಡಿಗೆ ತನ್ನ ದನಿಯ ಮೇಲೆ ಮೋಹವಿರುವ ಗಾಯಕ ಒಪ್ಪುವುದು ಕಷ್ಟ.

ಸಾಹಿತ್ಯವನ್ನೂ ನೋಡಿ. ಒಂದು ಜೀವ ತೆಗೆದರೆ ನೀನು ಏನು ಕಳೆದುಕೊಳ್ಳುತ್ತೀಯ, ಗೊತ್ತಾ, ಅನ್ನುವ ಧಾಟಿಯ ಪ್ರಶ್ನೆಯಿಂದ ಶುರುವಾಗುತ್ತದೆ. ನಾವು ಆಗಷ್ಟೇ ಶೌಚಾಲಯದ ಕೊಲೆ ನೋಡಿದ್ದೇವೆ. ಪರದೆಯ ಮೇಲೆ ಡೇನಿಯಲ್ ಕ್ಲೈನ್‌ಮನ್ ಮಾಡಿದ ಚಿತ್ರಗಳು: ಇಸ್ಪೀಟಿನ ಎಲೆಗಳು, ಆಯುಧವಾಗುವ ಇಸ್ಪೀಟು ಕಳಾವರ. ಹಳೆಯ ಬಾಂಡ್ ಚಿತ್ರಗಳಲ್ಲಿ ಈ ಹೊತ್ತಿಗೆ ಕುಣಿಯುತ್ತಿದ್ದ ಹೆಂಗಸರ ನೆರಳುಗಳಿಲ್ಲ. ಕಾರ್ನೆಲ್ ಚರಣವನ್ನು ಕೆಳಗಿನ ದನಿಯಲ್ಲಿ, ಹತ್ತಿರ ಕೂತು ಬುದ್ಧಿ ಹೇಳುವವರ ಹಾಗೆ ಹಾಡುತ್ತಾರೆ. ಪಲ್ಲವಿಗೆ ಬಂದಾಗ ದನಿ ಏರುತ್ತದೆ, ಬುದ್ಧಿಮಾತು ಬೆದರಿಕೆಯಾಗುತ್ತದೆ. ಮಾತಾಡುತ್ತಿರುವುದು ಬಾಂಡಾ, ಅವನ ಕೆಲಸವಾ, ಸಾವಾ? ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿಯದಿದ್ದರೇ ಚೆಂದ.

ಬ್ರಿಟನ್ನಿನಲ್ಲಿ ಈ ಹಾಡು 7ನೇ ಜಾಗಕ್ಕೆ ಹೋಯಿತು. ಅಮೆರಿಕದಲ್ಲಿ ಅಂಥ ಸದ್ದೇನೂ ಮಾಡಲಿಲ್ಲ. ಗ್ರ್ಯಾಮಿಗೆ ನಾಮನಿರ್ದೇಶನ ಬಂತು, ಆಸ್ಕರ್ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಚಿತ್ರದ ಸಂಗೀತದ ಆಲ್ಬಂನಲ್ಲಿ ಹಾಡನ್ನೇ ಸೇರಿಸಲಿಲ್ಲ! ಆಸೆಯಿಂದ ಆಲ್ಬಂ ತಂದು ಹಾಕಿಕೊಂಡು ಕೂತವನು ನಾನು. ಹಾಡಿನ ಸ್ವರಗಳು ಎಲ್ಲೆಡೆ ಸಿಗುತ್ತವೆ, ಹಾಡು ಮಾತ್ರ ಇಲ್ಲ. ಅದು ಆಲ್ಬಂನಲ್ಲಿ ಸಿಗೋಕೆ 2007ರ ಕಾರ್ನೆಲ್ ಅವರ ಸ್ವಂತ ಆಲ್ಬಂ ‘ಕ್ಯಾರಿ ಆನ್’ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಆಡಿಯೋಸ್ಲೇವ್ ಮುಗಿದಿತ್ತು.

ಆಮೇಲಿನ ವರ್ಷಗಳಲ್ಲಿ ಏಳುಬೀಳು ಎರಡೂ ಇವೆ. 2009ರಲ್ಲಿ ಹಿಪ್‌ಹಾಪ್ ಸಂಗೀತ ನಿರ್ಮಾಪಕ ಟಿಂಬಲ್ಯಾಂಡ್ ಜೊತೆ ಮಾಡಿದ ‘ಸ್ಕ್ರೀಮ್’ ಆಲ್ಬಂ ನನಗೆ ರುಚಿಸಲಿಲ್ಲ. ಅಲ್ಲಿ ಜಾಗ ಬಿಟ್ಟುಕೊಟ್ಟಿದ್ದು ಜಾಸ್ತಿಯಾಯಿತು, ಅವರೇ ಕಾಣೆಯಾದರು. 2010ರಲ್ಲಿ ಸೌಂಡ್‌ಗಾರ್ಡನ್ ಮತ್ತೆ ಸೇರಿತು. 2012ರಲ್ಲಿ ‘ದಿ ಅವೆಂಜರ್ಸ್’ಗೆ ತಂಡ ಒಂದು ಹಾಡು ಕೊಟ್ಟಿತು. 2017ರಲ್ಲಿ, ಅರ್ಮೇನಿಯನ್ನರ ನರಮೇಧದ ಕಥೆಯಿರುವ ‘ದಿ ಪ್ರಾಮಿಸ್’ ಚಿತ್ರಕ್ಕೆ ಕಾರ್ನೆಲ್ ಶೀರ್ಷಿಕೆ ಗೀತೆ ಹಾಡಿದರು. ಅದೇ ವರ್ಷ ಮೇ 17ರ ರಾತ್ರಿ ಡೆಟ್ರಾಯಿಟ್‌ನಲ್ಲಿ ತಂಡದ ಜೊತೆ ಹಾಡಿ, ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. 52 ವರ್ಷ.

ಅವರು ಒಂಟಿಯಾಗಿ, ಅಕೂಸ್ಟಿಕ್ ಗಿಟಾರ್ ಹಿಡಿದು ಈ ಬಾಂಡ್ ಹಾಡು ಹಾಡಿದ್ದೂ ಇದೆ. ತುತ್ತೂರಿ ಇಲ್ಲ, ಡ್ರಮ್ ಇಲ್ಲ. ಚಿತ್ರದಲ್ಲಿ ಇನ್ನೊಬ್ಬನನ್ನು ಹೆದರಿಸುವ ಮಾತುಗಳು, ಇಲ್ಲಿ ಒಬ್ಬ ತನಗೆ ತಾನೇ ಹೇಳಿಕೊಳ್ಳುವ ಹಾಗೆ ಕೇಳುತ್ತವೆ. ಎರಡನ್ನೂ ಈಗ ಹಾಕುತ್ತೇನೆ. ಮೊದಲು ಚಿತ್ರದ್ದು. ಹಿಂದೆ ಕೂತವರಿಗೆ ಡ್ರಮ್ ಸರಿಯಾಗಿ ಕೇಳದಿದ್ದರೆ ಕೈ ಎತ್ತಿ, ಸ್ಪೀಕರ್ ಜರುಗಿಸೋಣ.